ಜೀವ ಉಳಿದ ಮೇಲೆ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಎರಡು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದ ನಾನು ಈ ಸಲ ಒಪ್ಪಿಕೊಂಡೆ. ಬೇಲೂರು ಹಳೇಬೀಡಿನ ಪ್ರವಾಸವನ್ನೋ, 'ವಿದ್ಯಾರ್ಥಿ ಮತ್ತು ಶಿಸ್ತು' ಎಂಬಂಥ ಯಾವುದಾದರೊಂದು ವಿಷಯವನ್ನೋ ಬರೆದುಕೊಡುತ್ತೇನೆಂದು ಅವರು ಎಣಿಸಿದ್ದಿರಬೇಕು. ಅವುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಒಂದು ಕಾಯಿಲೆಯ ವಿಷಯ. ಕಾಯಿಲೆಯ ವಿಷಯ ಎನ್ನುವುದಕ್ಕಿಂತ, ಆ ಕಾಯಿಲೆಯಲ್ಲಿ ಸಾಯದೆ ಉಳಿದವರ ಮುಂದಿನ ಬಾಳಿನ ವಿಷಯ ಎಂದರೆ ಸರಿಯಾದೀತು. ಕಾಲೇಜಿನ ಸಂಚಿಕೆಯಲ್ಲಿ ಆಸ್ಪತ್ರೆಯ ವಾಸನೆ ಏಕೆ ಎಂದು ಮೂಗು ಮುರಿಯುವವರು ಪುಟ ತಿರುವಬಹುದು, ನನ್ನ ಅಡ್ಡಿಯಿಲ್ಲ. ಆದರೆ ಹಾಗೆ ಉಳಿದವರು ನಿಮ್ಮ ಪಕ್ಕದ ಬೆಂಚಿನಲ್ಲೇ ಕುಳಿತಿರಬಹುದು. ನಾನೇ ಒಬ್ಬಳು. ಮೂರು ವರ್ಷ ನಿಮ್ಮೊಡನೆ ಪಾಠ ಕೇಳಿದ್ದೇನೆ, ವಾದ ಮಾಡಿದ್ದೇನೆ, ಯುಗಾದಿಯ ಒಬ್ಬಟ್ಟನ್ನು 'ನನಗೆ ಸೇರದು' ಎಂದು ಸುಳ್ಳು ಹೇಳಿ ಪಕ್ಕದವಳ ಎಲೆಗೆ ದಾಟಿಸಿದ್ದೇನೆ. ನಿಜವನ್ನು ಮಾತ್ರ ಕೊಠಡಿಯ ಗೆಳತಿಯೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಮೊದಲನೆಯ ಸಲ ಅದಾದದ್ದು 2022ರ ಜನವರಿಯಲ್ಲಿ. ಆಗ ನಾನು ಮೊದಲನೆಯ ಪಿ.ಯು.ಸಿ.ಯಲ್ಲಿದ್ದೆ. ಒಂದು ತಿಂಗಳಿಂದ ಎಷ್ಟು ಕುಡಿದರೂ ತೀರದ ಬಾಯಾರಿಕೆ. ರಾತ್ರಿ ನಾಲ್ಕೈದು ಸಲ ಎದ್ದು ಹೊರಗೆ ಹೋಗುತ್ತಿದ್ದೆ. ಊಟ ಎಂದಿಗಿಂತ ಹೆಚ್ಚು, ಮೈ ಮಾತ್ರ ಇಳಿಯುತ್ತಿತ್ತು. ಹಾಕಿಕೊಂಡ ಬಟ್ಟೆ ಗೋಡೆಯ ಮೊಳೆಗೆ ನೇತುಹಾಕಿದ ಹಾಗೆ ಜೋಲುತ್ತಿತ್ತು. 'ಬೆಳೆಯೋ ಹುಡುಗಿ, ಉದ್ದ ಆಗ್ತಾ ಅವಳೆ' ಎಂದಳು ಅಜ್ಜಿ. ಒಂದು ಸಂಜೆ ಹೊಟ್ಟೆನೋವು ಬಂತು, ವಾಂತಿಯಾಯಿತು, ರಾತ್ರಿಯ ಹೊತ್ತಿಗೆ ಏದುಸಿರು ಹತ್ತಿತು. ಕೊರೋನಾದ ಮೂರನೆಯ ಅಲೆ ಎದ್ದಿದ್ದ ಕಾಲವದು. ಏದುಸಿರೆಂದರೆ ಎಲ್ಲರಿಗೂ ಅದೊಂದೇ ನೆನಪು. ಮೊದಲು ಕರೆದೊಯ್ದ ಕಡೆ ಮೂಗಿಗೆ ಕಡ್ಡಿ ಹಾಕಿ, ದೂರದ ಒಂದು ಬೆಂಚಿನ ಮೇಲೆ ಮಲಗಿಸಿದರು. ರಕ್ತದ ಸಕ್ಕರೆ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬೆಳಗ್ಗೆ ಬೇರೊಂದು ದೊಡ್ಡ ಆಸ್ಪತ್ರೆಗೆ ಸಾಗಿಸಿದಾಗ, ಹಾಸಿಗೆ ಸರಿಮಾಡಲು ಬಗ್ಗಿದ ದಾದಿಯೊಬ್ಬರು 'ಉಸಿರು ಕೊಳೆತ ಹಣ್ಣಿನ ವಾಸನೆ ಬರ್ತಾ ಇದೆ ಡಾಕ್ಟ್ರೇ' ಎಂದರಂತೆ. ನನಗೆ ಅವ್ವನ ಮುಖ ಗುರುತಾದದ್ದು ಮಾರನೆಯ ದಿನ ಸಂಜೆಗೆ.

ಇದಕ್ಕೆ ಡಯಾಬಿಟಿಕ್ ಕೀಟೋಆಸಿಡೋಸಿಸ್ ಎಂದು ಹೆಸರು. ಹೆಸರು ಬಾಯಿಗೆ ಬರುವುದಕ್ಕೆ ನನಗೆ ಒಂದು ವಾರ ಹಿಡಿಯಿತು. ಅಪ್ಪನಿಗೆ ಇಂದಿಗೂ ಅದು 'ರಕ್ತ ಹುಳಿಯಾಗುವ ರೋಗ'. ಅಪ್ಪನ ಹೆಸರೇ ಹೆಚ್ಚು ಸರಿ ಎಂದು ನನಗೆ ತೋರುತ್ತದೆ. ನಾವು ತಿಂದ ಅನ್ನ ಮುದ್ದೆಗಳು ಸಕ್ಕರೆಯಾಗಿ ರಕ್ತ ಸೇರುತ್ತವೆ. ಅದು ರಕ್ತದಿಂದ ಮಾಂಸಖಂಡಗಳ ಒಳಕ್ಕೆ ಹೋಗಬೇಕಾದರೆ ಇನ್ಸುಲಿನ್ ಬೇಕು. ನಮ್ಮಂಥವರ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ದೇಹದ ಕಾವಲು ಪಡೆಯೇ ಶತ್ರುವೆಂದು ಭ್ರಮಿಸಿ ನಾಶಮಾಡಿಬಿಟ್ಟಿರುತ್ತದೆ. ಕಣಜ ತುಂಬ ರಾಗಿ ಇದೆ, ಬಾಗಿಲು ತೆಗೆಯುವವರಿಲ್ಲ ಎಂಬ ಸ್ಥಿತಿ. ಹಸಿದ ದೇಹ ಆಗ ತನ್ನ ಕೊಬ್ಬನ್ನೇ ಉರಿಸಲು ತೊಡಗುತ್ತದೆ, ಸೌದೆಯಿಲ್ಲದ ಮನೆಯಲ್ಲಿ ಜಂತೆ ಕಿತ್ತು ಒಲೆಗೆ ಇಟ್ಟ ಹಾಗೆ. ಆ ಉರಿಯಿಂದ ಹುಟ್ಟುವ ಕೀಟೋನ್ ಎಂಬ ಪದಾರ್ಥಗಳು ರಕ್ತವನ್ನು ಆಮ್ಲವಾಗಿಸುತ್ತವೆ. ಆ ಆಮ್ಲವನ್ನು ಹೊರದೂಡಲು ಶ್ವಾಸಕೋಶ ಆಳವಾಗಿ, ಬಿಡದೆ ಉಸಿರೆಳೆಯುತ್ತದೆ. ಈ ಉಸಿರನ್ನು 1874ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯ ವರ್ಣಿಸಿದ. ಆ ಕಾಲದಲ್ಲಿ ಅದು ಸಾವಿನ ಮುನ್ಸೂಚನೆ. ಇಂದು ರಕ್ತನಾಳಕ್ಕೆ ಉಪ್ಪುನೀರು, ಇನ್ಸುಲಿನ್, ಪೊಟಾಸಿಯಂ ಇವನ್ನು ಅಳತೆಯಿಂದ ಕೊಟ್ಟರೆ ಬಹುಮಟ್ಟಿಗೆ ಒಂದೆರಡು ದಿನದಲ್ಲಿ ಎಚ್ಚರವಾಗುತ್ತದೆ. ನಮ್ಮ ಅಧ್ಯಾಪಕರಲ್ಲಿ ಕೆಲವರು ಕ್ಯಾಂಟೀನಿನಲ್ಲಿ 'ಸಕ್ಕರೆ ಬೇಡಪ್ಪಾ' ಎನ್ನುವುದನ್ನು ಕೇಳಿದ್ದೇನೆ. ಅವರ ಮಧುಮೇಹ ಸಾಮಾನ್ಯವಾಗಿ ಬೇರೆ ಬಗೆಯದು; ಮಾತ್ರೆ, ಪಥ್ಯ, ಬೆಳಗಿನ ತಿರುಗಾಟಗಳಿಗೆ ಎಷ್ಟೋ ಬಗ್ಗುತ್ತದೆ. ನಮ್ಮದು ಹಾಗಲ್ಲ. ಇನ್ಸುಲಿನ್ ಪೂರ್ತಿ ನಿಂತರೆ ಒಂದೆರಡು ದಿನದಲ್ಲೇ ಮತ್ತೆ ಅದೇ ಹುಳಿರಕ್ತ, ಅದೇ ಉಸಿರು.

ಜೀವ ಉಳಿಯಿತು ಎಂದು ಊರಿನಲ್ಲಿ ಎಲ್ಲರೂ ಹೇಳಿದರು. ಅಜ್ಜಿ ದೇವರಿಗೆ ಹಣ್ಣುಕಾಯಿ ಮಾಡಿಸಿದಳು. ಆಸ್ಪತ್ರೆಯವರು ಒಂದು ಚೀಟಿ, ಎರಡು ಸೀಸೆ, ಒಂದಷ್ಟು ಸೂಜಿ ಕೊಟ್ಟು, ಹೊಟ್ಟೆಯ ಚರ್ಮ ಹಿಡಿದು ಚುಚ್ಚಿಕೊಳ್ಳುವುದನ್ನು ಹತ್ತು ನಿಮಿಷದಲ್ಲಿ ಹೇಳಿಕೊಟ್ಟು ಕಳಿಸಿದರು. ಹೊರಗೆ ಇನ್ನೂ ನಲವತ್ತು ಮಂದಿ ಕಾದಿದ್ದರು. ಅವರನ್ನು ನಾನು ದೂರುವಂತಿಲ್ಲ. ಆದರೆ ನಿಜವಾದ ಕಷ್ಟ ಪ್ರಾರಂಭವಾದದ್ದು ಆ ಚೀಟಿಯಿಂದ ಈಚೆಗೆ.

ಮನೆಗೆ ಬಂದ ವಾರದಲ್ಲಿ ನನಗೆ ಕಣ್ಣು ಮಂಜಾಯಿತು. ಪುಸ್ತಕದ ಅಕ್ಷರ ಇರುವೆ ಸಾಲಿನಂತೆ ಹರಿದಾಡುತ್ತಿತ್ತು. ಕಣ್ಣು ಹೋಯಿತು, ಓದು ಹೋಯಿತು ಎಂದು ರಾತ್ರಿಯೆಲ್ಲ ಅತ್ತೆ. ಏರಿದ್ದ ಸಕ್ಕರೆ ಇಳಿಯುವಾಗ ಕಣ್ಣಿನ ಮಸೂರ ಹೊಂದಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ, ತಾನಾಗಿ ಸರಿಹೋಗುತ್ತದೆ ಎಂಬುದನ್ನು ಒಬ್ಬರು ಒಂದು ಮಾತಿನಲ್ಲಿ ಹೇಳಿದ್ದರೆ ಆ ಅಳು ಉಳಿಯುತ್ತಿತ್ತು. ಮೂರನೆಯ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬಂತು. ದೊಡ್ಡ ಜಡ್ಡಿನ ಮೇಲೆ ಅದೂ ಸಹಜವಂತೆ, ಮತ್ತೆ ಬೆಳೆಯಿತು. ಇವೆಲ್ಲ ಬಂದು ಹೋಗುವ ತೊಂದರೆಗಳು.

ಬಂದು ಹೋಗದ ತೊಂದರೆಯೊಂದು ಒಳ್ಳೆಯ ಸುದ್ದಿಯ ವೇಷದಲ್ಲಿ ಬಂತು. ಸುಮಾರು ಮೂರು ತಿಂಗಳ ಮೇಲೆ ನನ್ನ ಸಕ್ಕರೆ ತಾನಾಗಿ ಇಳಿಯತೊಡಗಿತು. ದಿನಕ್ಕೆ 36 ಯೂನಿಟ್ ಬೇಕಾಗಿದ್ದ ಇನ್ಸುಲಿನ್ 12ಕ್ಕೆ ಬಂತು. ಅಷ್ಟರಲ್ಲಿ ಸೋದರತ್ತೆ ಒಬ್ಬ ನಾಟಿ ವೈದ್ಯನಿಂದ ಮಧುನಾಶಿನಿ ಸೊಪ್ಪು, ಹಾಗಲಕಾಯಿ, ಇನ್ನೂ ಏನೇನೋ ಸೇರಿಸಿದ ಕಷಾಯ ತರಿಸಿದ್ದಳು. ಕೀರ್ತಿಯೆಲ್ಲ ಕಷಾಯಕ್ಕೆ ಹೋಯಿತು. 'ಸೂಜಿ ಬಿಡ್ಸಿ, ರೂಢಿಯಾಗ್ಬಿಡ್ತದೆ' ಎಂದ ವೈದ್ಯ. ಬಿಡಿಸಿಯೂ ಬಿಡುತ್ತಿದ್ದರು, ನಮ್ಮೂರಿನ ಆಶಾ ಕಾರ್ಯಕರ್ತೆ ಮನೆಯ ಜಗುಲಿಯಲ್ಲಿ ಕುಳಿತು ಅಪ್ಪನೊಡನೆ ಜಗಳವಾಡಿ ತಡೆದಳು. ಈ ಇಳಿಕೆಗೆ ಡಾಕ್ಟರುಗಳು 'ಹನಿಮೂನ್' ಎನ್ನುತ್ತಾರೆ. ಇನ್ಸುಲಿನ್ನಿನ ಆಸರೆ ಸಿಕ್ಕಿದ ಕೂಡಲೆ, ಅಳಿದುಳಿದ ಕಣಗಳು ಕೊನೆಯ ಸಲ ಚೇತರಿಸಿಕೊಂಡು ಕೆಲವು ತಿಂಗಳು ದುಡಿಯುತ್ತವೆ. ಆಮೇಲೆ ಅವೂ ಹೋಗುತ್ತವೆ. ಕಷಾಯ ಕುಡಿದವರಿಗೂ ಬರುತ್ತದೆ, ಕುಡಿಯದವರಿಗೂ ಬರುತ್ತದೆ. ಆ ತಿಂಗಳುಗಳಲ್ಲಿ 'ವಾಸಿಯಾಯಿತು' ಎಂದು ನಂಬಿ ಸೂಜಿ ಬಿಟ್ಟ ಮಕ್ಕಳು ಮತ್ತೆ ಅದೇ ಹಾಸಿಗೆಗೆ ಬಂದು ಬೀಳುತ್ತಾರೆ.

ನನ್ನನ್ನು ಎರಡನೆಯ ಸಲ ಬೀಳಿಸಿದ್ದು ಕಷಾಯವಲ್ಲ, ಗುಟ್ಟು. ಈ ಲೇಖನ ಬರೆಯುತ್ತಿರುವುದೇ ಅದನ್ನು ಹೇಳುವುದಕ್ಕಾಗಿ.

2023ರಲ್ಲಿ ಈ ಕಾಲೇಜಿಗೆ ಸೇರುವಾಗ ಸೋದರತ್ತೆ ಬಸ್ಸಿನ ಬಳಿ ಬಂದು ಕಿವಿಯಲ್ಲಿ ಹೇಳಿದಳು: 'ಯಾರ ಮುಂದೂ ಬಾಯಿ ಬಿಡಬೇಡ ಕಣವ್ವಾ. ಸೂಜಿ ಚುಚ್ಕೊಳ್ಳೋ ಹುಡುಗೀನ ಯಾರು ಮಾಡ್ಕೊಂತಾರೆ?' ಅವಳದು ಕೆಟ್ಟ ಮನಸ್ಸಲ್ಲ. ನನ್ನ ಫೀಸಿಗೆ ಕಿವಿಯ ಓಲೆ ಅಡವಿಟ್ಟವಳು ಅವಳೇ. ನಾನು ಒಪ್ಪಿಕೊಂಡೆ. ನನ್ನ ಇನ್ಸುಲಿನ್ ಹಳೆಯ ಬಗೆಯದು, ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಬೇಕಾದದ್ದು. ನಮ್ಮ ಊಟದ ಬಿಡುವು ಒಂದೂ ಕಾಲಿಗೆ. ಅಂದರೆ ಹನ್ನೆರಡೂ ಮುಕ್ಕಾಲಿಗೆ, ಪಾಠದ ನಡುವೆ ಎದ್ದು ಹೋಗಬೇಕು. ದಿನವೂ ಅದೇ ಹೊತ್ತಿಗೆ ಎದ್ದರೆ ಕೇಳದೆ ಬಿಡುತ್ತಾರೆಯೆ? ಮೊದಲ ಎರಡು ವಾರ ಎದ್ದು ಹೋಗಿ, ಚಿಲಕವಿಲ್ಲದ ಶೌಚಾಲಯದಲ್ಲಿ ಬಾಗಿಲಿಗೆ ಬೆನ್ನು ಒತ್ತಿ ಚುಚ್ಚಿಕೊಂಡೆ. ಒಂದು ದಿನ ಹಿಂದಿನ ಬೆಂಚಿನಿಂದ ನಗು ಬಂತು. ಆ ದಿನದಿಂದ ಮಧ್ಯಾಹ್ನದ ಸೂಜಿ ನಿಂತಿತು. ರಾತ್ರಿ ಸರಿಮಾಡಿಕೊಂಡರಾಯಿತು ಎಂದುಕೊಂಡೆ. ಎರಡು ತಿಂಗಳು ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದು ನನಗೆ ತೋರಿತು ಅಷ್ಟೆ. ಬಾಯಾರಿಕೆ ಮೆಲ್ಲಗೆ ಮರಳಿತ್ತು.

ನವೆಂಬರಿನಲ್ಲಿ ಜ್ವರ ಬಂತು. ಊಟ ಸೇರಲಿಲ್ಲ. ಊಟವಿಲ್ಲದ ಮೇಲೆ ಇನ್ಸುಲಿನ್ ಏಕೆ ಎಂದು ಉಳಿದ ಸೂಜಿಗಳನ್ನೂ ಬಿಟ್ಟೆ. ಇದರಷ್ಟು ಸಹಜವಾಗಿ ಕಾಣುವ, ಇದರಷ್ಟು ಘಾತಕವಾದ ತಪ್ಪು ಇನ್ನೊಂದಿಲ್ಲ. ಜ್ವರ ಬಂದಾಗ ದೇಹಕ್ಕೆ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆಯೇ ಹೊರತು ಕಡಿಮೆಯಲ್ಲ. ಊಟ ಇಳಿಯದಿದ್ದರೂ ತಳಪಾಯದ ಇನ್ಸುಲಿನ್ ನಿಲ್ಲಿಸಬಾರದು, ನೀರು ಕುಡಿಯುತ್ತಿರಬೇಕು, ಎರಡು ಮೂರು ಗಂಟೆಗೊಮ್ಮೆ ಸಕ್ಕರೆ ನೋಡಬೇಕು, ಮೂತ್ರದಲ್ಲಿ ಕೀಟೋನ್ ಇದೆಯೇ ಎಂಬುದನ್ನು ಪಟ್ಟಿ ಅದ್ದಿ ನೋಡಬೇಕು, ವಾಂತಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆ. ಅಳತೆ ಎಷ್ಟು ಎಂಬುದನ್ನು ಡಾಕ್ಟರು ಮುಂಚೆಯೇ ಬರೆದುಕೊಟ್ಟಿರಬೇಕು. ಇದಿಷ್ಟನ್ನು ನಾನು ಕಲಿತದ್ದು ಎರಡನೆಯ ಸಲ ತೀವ್ರ ನಿಗಾ ಘಟಕದಿಂದ ಹೊರಬಂದ ಮೇಲೆ. ಅಂದು ರಾತ್ರಿ ನನ್ನ ಏದುಸಿರನ್ನು ಕಂಡ ಗೆಳತಿ ಗ್ಯಾಸ್ಟ್ರಿಕ್ ಎಂದು ತಿಳಿದು ಎರಡು ಗಂಟೆ ಓಮದ ನೀರು ಕುಡಿಸಿದಳು. ನಾನು ಮಾತಿಗೆ ಉತ್ತರ ಕೊಡದಾದಾಗ ಹೆದರಿ 108ಕ್ಕೆ ಕರೆ ಮಾಡಿದಳು. ನನ್ನ ಟ್ರಂಕಿನಲ್ಲಿ, ಹಳೆಯ ನೋಟುಪುಸ್ತಕಗಳ ಕೆಳಗೆ, ಬಟ್ಟೆಯಲ್ಲಿ ಸುತ್ತಿದ ಸೀಸೆ ಇತ್ತು. ಅವಳಿಗೆ ಹೇಗೆ ತಿಳಿಯಬೇಕು?

ಒಮ್ಮೆ ಬಂದು ಹೋದದ್ದು ಅಲ್ಲಿಗೆ ಮುಗಿಯಿತು ಎಂದುಕೊಳ್ಳುವ ಹಾಗಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಈ ಕಾರಣದಿಂದ ಆಸ್ಪತ್ರೆ ಸೇರಿದವರನ್ನು ಸುಮಾರು ನಾಲ್ಕು ವರ್ಷ ಹಿಂಬಾಲಿಸಿ ನೋಡಿ, 2016ರಲ್ಲಿ ಲೆಕ್ಕ ಪ್ರಕಟಿಸಿದರು. ಒಂದೇ ಸಲ ಬಂದು ಹೋದವರಲ್ಲಿ ಆ ಅವಧಿಯೊಳಗೆ ತೀರಿಕೊಂಡವರು ನೂರಕ್ಕೆ ಸುಮಾರು 5. ಐದಕ್ಕೂ ಹೆಚ್ಚು ಸಲ ಬಂದವರಲ್ಲಿ ನೂರಕ್ಕೆ ಸುಮಾರು 23. ಅವರಲ್ಲಿ ಬಹುಮಂದಿ ನಡುವಯಸ್ಸನ್ನೂ ಮುಟ್ಟಿರಲಿಲ್ಲ. ಅಮೆರಿಕದ ಕೊಲೊರಾಡೊದಲ್ಲಿ ಮಕ್ಕಳನ್ನು ಹದಿನೈದು ವರ್ಷದವರೆಗೆ ಗಮನಿಸಿ 2017ರಲ್ಲಿ ಬರೆದ ಇನ್ನೊಂದು ಲೆಕ್ಕದಂತೆ, ಕಾಯಿಲೆ ಗೊತ್ತಾದಾಗಲೇ ರಕ್ತ ಹುಳಿಯಾಗಿದ್ದ ಮಕ್ಕಳ ಸಕ್ಕರೆಯ ಹತೋಟಿ, ಹಾಗಾಗದ ಮಕ್ಕಳಿಗಿಂತ ವರ್ಷಗಟ್ಟಲೆ ಕೆಟ್ಟದ್ದಾಗಿಯೇ ಉಳಿಯಿತು. ನೆನಪಿನ ಪರೀಕ್ಷೆಗಳಲ್ಲಿ ಇಂಥ ಮಕ್ಕಳು ಕೊಂಚ ಹಿಂದೆ ಬೀಳುವುದನ್ನೂ ಸಂಶೋಧಕರು ಕಂಡಿದ್ದಾರೆ. ಇದನ್ನು ಓದಿದ ದಿನ ನನಗೆ ಭಯವಾಯಿತು, ಏಕೆಂದರೆ ಇಸವಿಗಳು ನನಗೆ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲದ ಹಿಂದಿನ ಬೆಂಚಿನವರಿಗೂ ಅವು ನಿಲ್ಲುವುದಿಲ್ಲ ಎಂಬುದನ್ನು ನಮ್ಮ ಇತಿಹಾಸದ ಅಧ್ಯಾಪಕರೇ ತರಗತಿಯಲ್ಲಿ ಸಾರಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಹಾಗೆಂದು ನಿರಾಶೆಗೂ ಕಾರಣವಿಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ 1,441 ಮಂದಿಯ ಮೇಲೆ ನಡೆದ ದೊಡ್ಡ ಪ್ರಯೋಗವೊಂದು, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಿಗೆ ಕಣ್ಣಿನ ಕೇಡು ಹುಟ್ಟುವುದು ನೂರಕ್ಕೆ 76ರಷ್ಟು ಕಡಿಮೆಯಾಯಿತೆಂದು ತೋರಿಸಿತು. ಮೂತ್ರಪಿಂಡಕ್ಕೂ ನರಗಳಿಗೂ ಅದೇ ರೀತಿಯ ಲಾಭ. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಒಂದು ರಕ್ತಪರೀಕ್ಷೆಯಿದೆ. ಅದು 7ರ ಆಸುಪಾಸಿನಲ್ಲಿರಲಿ ಎನ್ನುತ್ತಾರೆ. ಮೊದಲ ಸಲ ನನ್ನದು 13 ಇತ್ತು. ಈಗ 8. ಅಲ್ಲಿಂದ ಕೆಳಗಿಳಿಯಲು ಹಟ ಹಿಡಿದಿದೆ. ಬೆರಳು ಚುಚ್ಚಿ ನೋಡುವ ಪಟ್ಟಿ ಒಂದಕ್ಕೆ ಹದಿನೈದು ಇಪ್ಪತ್ತು ರೂಪಾಯಿ. ದಿನಕ್ಕೆ ನಾಲ್ಕು ಸಲ ನೋಡಬೇಕು. ನಾನು ಎರಡು ಸಲ ನೋಡುತ್ತೇನೆ. ಇನ್ಸುಲಿನ್ ಸರ್ಕಾರದ ಕಡೆಯಿಂದ ಪುಕ್ಕಟೆ ಸಿಗುತ್ತದೆ, ಸಿಕ್ಕಿದ ದಿನ. ಸಿಗದ ತಿಂಗಳು ಅಪ್ಪ ಕೂಲಿಯ ದುಡ್ಡಿನಲ್ಲಿ ಅಂಗಡಿಯಿಂದ ತರುತ್ತಾನೆ, ಮತ್ತು ಆ ತಿಂಗಳು ಪಟ್ಟಿಗಳು ಇನ್ನೂ ಕಡಿಮೆ.

ಇಲ್ಲಿ ನನಗೆ ಗ್ರಂಥಾಲಯದಲ್ಲಿ ಸಿಕ್ಕಿದ ಇಬ್ಬರನ್ನು ನೆನೆಯಬೇಕು. 1922ರ ಜನವರಿ 11ರಂದು ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊಟ್ಟಮೊದಲು ಇನ್ಸುಲಿನ್ ಚುಚ್ಚಿದರು. ಮೊದಲ ಸೂಜಿ ಅಷ್ಟು ಫಲಿಸಲಿಲ್ಲ. ಔಷಧವನ್ನು ಇನ್ನಷ್ಟು ಶುದ್ಧಿಮಾಡಿ 23ನೆಯ ತಾರೀಖು ಕೊಟ್ಟದ್ದು ಅವನನ್ನು ಉಳಿಸಿತು. ನಾನು ಹಾಸಿಗೆ ಹಿಡಿದದ್ದು ಅದಕ್ಕೆ ಸರಿಯಾಗಿ ನೂರು ವರ್ಷದ ಮೇಲೆ, ಅದೇ ತಿಂಗಳು. ಅದನ್ನು ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಅವನ ಸಂಗಡಿಗರು ಹಕ್ಕುಪತ್ರವನ್ನು ವಿಶ್ವವಿದ್ಯಾನಿಲಯಕ್ಕೆ ತಲಾ ಒಂದೊಂದು ಡಾಲರಿಗೆ ಬರೆದುಕೊಟ್ಟರು. ಬ್ಯಾಂಟಿಂಗನ ಹುಟ್ಟುಹಬ್ಬವಾದ ನವೆಂಬರ್ 14ನ್ನು ಲೋಕವೆಲ್ಲ ಮಧುಮೇಹದ ದಿನವಾಗಿ ಆಚರಿಸುತ್ತದೆ. ನಮ್ಮಲ್ಲಿ ಅಂದು ಮಕ್ಕಳ ದಿನಾಚರಣೆಯ ಸಿಹಿ ಹಂಚುತ್ತೇವೆ! ಅದಿರಲಿ. ಥಾಂಪ್ಸನ್ ಸಾಮಾನ್ಯ ಕುಟುಂಬದ ಹುಡುಗ. ಇನ್ನೂ ಹದಿಮೂರು ವರ್ಷ ಬದುಕಿ, 1935ರಲ್ಲಿ, ಇಪ್ಪತ್ತೇಳು ತುಂಬುವ ಮುಂಚೆ ನ್ಯುಮೋನಿಯಾದಲ್ಲಿ ತೀರಿಕೊಂಡ.

ಅದೇ 1922ರ ಆಗಸ್ಟಿನಲ್ಲಿ ಟೊರಾಂಟೊಗೆ ಬಂದ ಇನ್ನೊಬ್ಬಳು ಎಲಿಜಬೆತ್ ಹ್ಯೂಸ್. ಅಮೆರಿಕದ ವಿದೇಶಾಂಗ ಮಂತ್ರಿಯ ಮಗಳು. ಹದಿನೈದು ತುಂಬಲಿದ್ದ ಹುಡುಗಿ, ತೂಕ ಇಪ್ಪತ್ತು ಕಿಲೊ. ಇನ್ಸುಲಿನ್ ಬರುವವರೆಗೆ ಉಪವಾಸವೇ ಚಿಕಿತ್ಸೆಯಾಗಿದ್ದ ಕಾಲದಲ್ಲಿ ಮೂರು ವರ್ಷ ಅರೆಹೊಟ್ಟೆಯಲ್ಲಿ ಜೀವ ಹಿಡಿದಿದ್ದವಳು. ಅವಳು ಚೇತರಿಸಿಕೊಂಡಳು, 1929ರಲ್ಲಿ ಪದವೀಧರೆಯಾದಳು, ಮದುವೆಯಾದಳು, ಮಕ್ಕಳನ್ನು ಹೆತ್ತಳು, 1981ರಲ್ಲಿ ಎಪ್ಪತ್ಮೂರನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟರಲ್ಲಿ ನಲವತ್ತು ಸಾವಿರಕ್ಕೂ ಮೀರಿ ಸೂಜಿಗಳು. ಮತ್ತು ಅಷ್ಟೂ ವರ್ಷ, ತೀರ ಹತ್ತಿರದವರಿಗೆ ಬಿಟ್ಟು ಯಾರಿಗೂ ತನ್ನ ಕಾಯಿಲೆಯನ್ನು ಹೇಳಲಿಲ್ಲ.

ಇವಳ ಕಥೆಯನ್ನು ಓದಿದಾಗ ನನ್ನ ವಾದ ಒಂದು ಗಳಿಗೆ ಅಲುಗಾಡಿತು. ಬಚ್ಚಿಟ್ಟೂ ಎಪ್ಪತ್ಮೂರು ವರ್ಷ ಬದುಕಬಹುದಾದರೆ, ಅತ್ತೆ ಹೇಳಿದ್ದೇ ಸರಿಯಲ್ಲವೆ? ಬಹಳ ಯೋಚಿಸಿದೆ. ಬಚ್ಚಿಡುವುದಕ್ಕೂ ಅನುಕೂಲ ಬೇಕು ಎಂದು ನನಗೆ ಆಮೇಲೆ ತೋರಿತು. ಬೀಗ ಹಾಕಿಕೊಳ್ಳುವ ಸ್ವಂತ ಕೊಠಡಿ, ಹೊತ್ತಿಗೆ ಸರಿಯಾದ ಊಟ, ಕರೆದಲ್ಲಿಗೆ ಬರುವ ವೈದ್ಯ, ಕೇಳಿದಷ್ಟು ಔಷಧ, ಇವೆಲ್ಲ ಇದ್ದವರು ಗುಟ್ಟನ್ನೂ ಸಾಕಬಹುದು. ಒಂದು ಕೋಣೆಯಲ್ಲಿ ಆರು ಮಂದಿ ಮಲಗುವ ವಿದ್ಯಾರ್ಥಿನಿಲಯದಲ್ಲಿ, ಗಂಟೆ ಹೊಡೆದಾಗ ಉಣ್ಣಬೇಕಾದವಳು, ಚಿಲಕವಿಲ್ಲದ ಬಾಗಿಲಿಗೆ ಬೆನ್ನು ಒತ್ತಿದವಳು ಗುಟ್ಟನ್ನು ಕಾಪಾಡಲು ಹೋದರೆ ಬಿಡಬೇಕಾದದ್ದು ಸೂಜಿಯನ್ನೇ. ಬಡವರ ಮನೆಯಿಂದ ಓದಲು ಬಂದವರಿಗೆ ನಾಲ್ಕು ಜನಕ್ಕೆ ಗೊತ್ತಿರುವುದೇ ಆಸ್ತಿ.

ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಅನುಭವ ಹೇಳುತ್ತೇನೆ. ಹಿಂದಿನ ವರ್ಷದ ಪರೀಕ್ಷೆಯಲ್ಲಿ ನನ್ನ ಕೈಚೀಲದಿಂದ ನಾಲ್ಕು ಗ್ಲೂಕೋಸ್ ಬಿಸ್ಕತ್ತನ್ನು ಮೇಲ್ವಿಚಾರಕರೊಬ್ಬರು ಹೊರಗಿಡಿಸಿದರು. ಎರಡನೆಯ ಗಂಟೆಯಲ್ಲಿ ಸಕ್ಕರೆ ಇಳಿಯಿತು. ಕೈ ನಡುಗಿತು, ಬೆವರಿತು, ಓದಿದ ಪ್ರಶ್ನೆಯನ್ನೇ ಮೂರು ಸಲ ಓದಿದೆ. ಹದಿನಾರು ಅಂಕದ ಉತ್ತರವನ್ನು ಅರ್ಧಕ್ಕೆ ಬಿಟ್ಟು ಹೊರಗೆ ಬಂದು ನಲ್ಲಿಯ ಪಕ್ಕದಲ್ಲಿ ಕುಳಿತು ಆ ಬಿಸ್ಕತ್ತುಗಳನ್ನು ತಿಂದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಯಮವನ್ನು ಪಾಲಿಸಿದರು, ಮತ್ತು ನಾನು ಬಾಯಿ ಬಿಟ್ಟಿರಲಿಲ್ಲ. ಆದರೆ ಸಿ.ಬಿ.ಎಸ್.ಇ. ಮಂಡಲಿಯವರು 2017ರಲ್ಲೇ ಇಂಥ ಮಕ್ಕಳು ಪರೀಕ್ಷಾ ಕೊಠಡಿಗೆ ಸಕ್ಕರೆಯ ಗುಳಿಗೆ, ಹಣ್ಣು, ತಿಂಡಿ, ನೀರು ಒಯ್ಯಬಹುದೆಂದು ಆಜ್ಞೆ ಮಾಡಿದ್ದಾರೆ. 2023ರಲ್ಲಿ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಶಾಲೆಗಳಲ್ಲಿ ಇದಕ್ಕೆ ಅವಕಾಶವಿರಲೆಂದು ರಾಜ್ಯಗಳಿಗೆ ಬರೆಯಿತು. ಇವೆಲ್ಲ ಶಾಲೆಯ ಮಕ್ಕಳಿಗೆ. ಹದಿನೆಂಟು ತುಂಬಿ ಪದವಿ ತರಗತಿಗೆ ಕಾಲಿಟ್ಟ ಕೂಡಲೆ ಕಾಯಿಲೆ ನಮ್ಮನ್ನು ಬಿಟ್ಟುಹೋಗುವುದಿಲ್ಲವಷ್ಟೆ. ಅಂಗವಿಕಲತೆಯ 2016ರ ಕಾನೂನಿನ ಪಟ್ಟಿಯಲ್ಲಿ ಮಧುಮೇಹ ಸೇರಿಲ್ಲವಾದ್ದರಿಂದ ಆ ಬಾಗಿಲೂ ನಮಗಿಲ್ಲ. ಅದು ಇರಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನಾಲ್ಕು ಬಿಸ್ಕತ್ತಿಗೆ ಕಾನೂನು ಬೇಕಾಗಿಲ್ಲ, ಪ್ರಿನ್ಸಿಪಾಲರ ಒಂದು ಚೀಟಿ ಸಾಕು.

ಹೀಗಿರುವುದರಿಂದ ನಮ್ಮ ಕಾಲೇಜು ಕೆಲವು ಸಣ್ಣ ಕೆಲಸಗಳನ್ನು ಮಾಡಬಹುದೆಂದು ನನ್ನ ನಮ್ರ ಅಭಿಪ್ರಾಯ. ಸೇರುವ ಅರ್ಜಿಯಲ್ಲಿ ರಕ್ತದ ಗುಂಪನ್ನು ಕೇಳುತ್ತಾರೆ. ದಿನವೂ ತೆಗೆದುಕೊಳ್ಳುವ ಔಷಧ ಯಾವುದಾದರೂ ಇದೆಯೇ ಎಂದೂ ಕೇಳಲಿ, ಮತ್ತು ಅದನ್ನು ಒಬ್ಬ ಅಧ್ಯಾಪಕರು ಮಾತ್ರ ನೋಡಲಿ. ಮಹಿಳಾ ವಿಶ್ರಾಂತಿ ಕೊಠಡಿಯ ಒಳಗಿನ ಮೂಲೆಗೆ ಒಂದು ಪರದೆ, ಒಂದು ಮೇಜು ಇರಲಿ. ಹುಡುಗರಿಗೂ ಅಂಥದೊಂದು ಬೇಕು, ಕಾಯಿಲೆಗೆ ಗಂಡು ಹೆಣ್ಣಿನ ಭೇದವಿಲ್ಲ. ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬಿಯೊಂದಿರಲಿ. ನಾನು ಇಷ್ಟು ದಿನ ಅವನ್ನು ಹಾರ್ಲಿಕ್ಸ್ ಡಬ್ಬಿಯಲ್ಲಿ ತುಂಬಿ ಊರಿಗೆ ಒಯ್ದಿದ್ದೇನೆ. ರೆಫ್ರಿಜರೇಟರು ಬೇಕೆಂದು ನಾನು ಕೇಳುವುದಿಲ್ಲ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆಯಿಟ್ಟು ನಡುವೆ ಒದ್ದೆ ಮರಳು ತುಂಬಿದರೆ ಬೇಸಗೆಯಲ್ಲೂ ತಣ್ಣಗಿರುತ್ತದೆ. ತೆರೆದ ಸೀಸೆಯ ಇನ್ಸುಲಿನ್ 25ರಿಂದ 37 ಡಿಗ್ರಿಯ ಏರಿಳಿತದಲ್ಲೂ ನಾಲ್ಕು ವಾರ ಶಕ್ತಿಗುಂದದೆ ಇರುತ್ತದೆಂದು ಜಿನೀವಾದ ಸಂಶೋಧಕರು 2021ರಲ್ಲಿ ತೋರಿಸಿಯೂ ಇದ್ದಾರೆ.

ಇನ್ನೊಂದು, ಸೂಚನಾಫಲಕದಲ್ಲಿ ಒಂದು ಭಿತ್ತಿಪತ್ರ. ಇಟಲಿಯ ಪಾರ್ಮ ಪ್ರಾಂತದಲ್ಲಿ 1991ರಿಂದ ಶಾಲೆಗಳಲ್ಲಿ, ವೈದ್ಯರ ಕೊಠಡಿಗಳಲ್ಲಿ ಒಂದು ಸರಳ ಚಿತ್ರ ತೂಗುಹಾಕಿದರು: ಬಾಯಾರಿಕೆ, ಹೆಚ್ಚು ಮೂತ್ರ, ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದ ಮಗು. ಅದಕ್ಕೆ ಮುಂಚೆ ಅಲ್ಲಿ ಹೊಸದಾಗಿ ಕಾಯಿಲೆ ಗೊತ್ತಾದ ಮಕ್ಕಳಲ್ಲಿ ನೂರಕ್ಕೆ 78 ಮಂದಿ ರಕ್ತ ಹುಳಿಯಾದ ಮೇಲೆಯೇ ಬರುತ್ತಿದ್ದರು. ಮುಂದಿನ ಆರೇಳು ವರ್ಷಗಳಲ್ಲಿ ಅದು ನೂರಕ್ಕೆ 12.5ಕ್ಕೆ ಇಳಿಯಿತು. ನನ್ನ ಅಜ್ಜಿ ಅಂಥ ಚಿತ್ರ ಕಂಡಿದ್ದರೆ 'ಉದ್ದ ಆಗ್ತಾ ಅವಳೆ' ಎನ್ನುತ್ತಿರಲಿಲ್ಲ. ನಮ್ಮಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು, ಮನೆಯಲ್ಲಿ ಮೊದಲು ಓದಿದವರು. ಚಿತ್ರ ಇಲ್ಲಿ ನೋಡಿದರೂ ಸುದ್ದಿ ಊರಿಗೆ ತಲುಪುತ್ತದೆ.

ಮದುವೆಯ ಮಾತನ್ನು ಎತ್ತಬಾರದೆಂದಿದ್ದೆ. ಆದರೆ ಅತ್ತೆಯ ಭಯಕ್ಕೆ ಉತ್ತರ ಕೊಡದೆ ಹೋದರೆ ಇದುವರೆಗಿನ ಮಾತು ಟೊಳ್ಳಾಗುತ್ತದೆ. ಸಕ್ಕರೆಯನ್ನು ಹತೋಟಿಯಲ್ಲಿಟ್ಟ ಹೆಂಗಸರು ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ; ಅದಕ್ಕೆ ಹೆಚ್ಚಿನ ಎಚ್ಚರ, ಹೆಚ್ಚಿನ ತಪಾಸಣೆ ಬೇಕು ನಿಜ. ಹೇಳಿದರೆ ಸಂಬಂಧ ತಪ್ಪೀತು ಎಂಬುದೂ ನಿಜ. ನಮ್ಮ ಸಮಾಜ ಅಷ್ಟು ಉದಾರವಾಗಿದೆಯೆಂದು ನಾನು ನಟಿಸಲಾರೆ. ಆದರೆ ಹೇಳದೆ ಮದುವೆಯಾದವಳು ಆ ಮನೆಯಲ್ಲಿ ಹನ್ನೆರಡೂ ಮುಕ್ಕಾಲಿಗೆ ಏನು ಮಾಡಬೇಕು? ಮತ್ತೆ ಬಾಗಿಲಿಗೆ ಬೆನ್ನು ಒತ್ತಿ ನಿಲ್ಲಬೇಕೆ? ಆಗ ಉಸಿರು ಹತ್ತಿದರೆ ಯಾರು ಓಮದ ನೀರು ತರುತ್ತಾರೋ!

ಈ ಲೇಖನವನ್ನು ಹೆಸರು ಹಾಕದೆ ಅಚ್ಚುಮಾಡಬಹುದೆಂದು ಸಂಪಾದಕರು ದಯದಿಂದ ಸೂಚಿಸಿದರು. ಒಂದು ರಾತ್ರಿ ಯೋಚಿಸಿ, ಹಾಕಿ ಎಂದೆ. ಕಳೆದ ವಾರದಿಂದ ಮೂರನೆಯ ಪಾಠದ ಅಧ್ಯಾಪಕರಿಗೆ ತಿಳಿಸಿದ್ದೇನೆ. ಹನ್ನೆರಡೂ ಮುಕ್ಕಾಲಿಗೆ ನಾನು ಏಳುವಾಗ ಅವರು ಹಲಗೆಯ ಕಡೆ ತಿರುಗಿ ಬರೆಯುತ್ತಿರುತ್ತಾರೆ. ಗೆಳತಿ ನನ್ನ ಟ್ರಂಕಿನ ಮುಚ್ಚಳದ ಒಳಗೆ ಏನು ಮಾಡಬೇಕೆಂಬುದನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ. ನನ್ನ ಜೋಡಿಮಡಕೆಯನ್ನು, ನಿಲಯದ ಮೇಲ್ವಿಚಾರಕಿಯವರು ಒಪ್ಪಿದರೆ, ಹೋಗುವಾಗ ಇಲ್ಲೇ ಬಿಟ್ಟು ಹೋಗುತ್ತೇನೆ; ಮರಳಿಗೆ ದಿನಕ್ಕೆ ಎರಡು ಸಲ ನೀರು ಚಿಮುಕಿಸಬೇಕು. ಸಂಚಿಕೆ ಅಚ್ಚಾದ ಮೇಲೆ ಒಂದು ಪ್ರತಿ ಊರಿಗೆ ಹೋಗುತ್ತದೆ. ಅಪ್ಪನಿಗೆ ಓದಲು ಬಾರದು, ನಾನೇ ಓದಿ ಹೇಳಬೇಕು. ಅತ್ತೆ ಏಳನೆಯ ತರಗತಿಯವರೆಗೆ ಓದಿದ್ದಾಳೆ.